ಯೂನಿವರ್ಸಿಟಿಗೆ ತೋಟ ಎಂತಕ್ಕೆ? ಕಾಸರಗೋಡಿನಲ್ಲಿ ‘ಸಮುದಾಯ ಫಾರ್ಮ್’ ಅಂದ್ರೆ ಏನಾಗಬೇಕು

2024ರ ನವೆಂಬರ್ 25ಕ್ಕೆ ಕೇಂದ್ರ ಸಂಪುಟ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2,481 ಕೋಟಿ ರೂಪಾಯಿ, ಒಂದು ಕೋಟಿ ರೈತರು, 15,000 ಕ್ಲಸ್ಟರ್, ಏಳೂವರೆ ಲಕ್ಷ ಹೆಕ್ಟೇರ್ ಅಂತ ದೊಡ್ಡ ದೊಡ್ಡ ಅಂಕಿಗಳೇ ಪೇಪರಿನಲ್ಲಿ ಬಂದವು, ಅದರ ಅಡಿಯಲ್ಲಿ ಇದ್ದ ಒಂದು ಸಣ್ಣ ಸಾಲು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಕೃಷಿ ವಿಶ್ವವಿದ್ಯಾಲಯಗಳಲ್ಲಿ, ರೈತರ ಜಾಗಗಳಲ್ಲಿ ಒಟ್ಟು ಸುಮಾರು 2,000 ಮಾದರಿ ಫಾರ್ಮ್ ಮಾಡ್ತೇವೆ ಅನ್ನುವ ಸಾಲು ಅದು. ಅದೇ ವರ್ಷ ಜುಲೈಯಲ್ಲಿ ಕೇರಳದ ಕಾಲೇಜುಗಳಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಯ್ತು, ಇಂಟರ್ನ್‌ಶಿಪ್, ಕ್ರೆಡಿಟ್, ಸಮುದಾಯದ ಜೊತೆ ಕೆಲಸ ಅನ್ನುವ ಮಾತುಗಳೆಲ್ಲ ಮನೆಮನೆಗೂ ಬಂದವು. ಈಗ ಈ ಎರಡೂ ಸೇರಿಕೊಂಡು, ಯೂನಿವರ್ಸಿಟಿಯೇ ಒಂದು ಕೃಷಿ ಜಾಗ ನಡೆಸಬೇಕು, ಅಲ್ಲಿ ಮಕ್ಕಳೂ ಕಲೀಬೇಕು, ಊರವರೂ ಬೆಳೀಬೇಕು ಅನ್ನುವ ವಿಚಾರ ಮತ್ತೆ ಮತ್ತೆ ಬರ್ತಾ ಉಂಟು.

ಕೇಳುವವರಿಗೆ ಗೊಂದಲ ಆಗೋದು ಸಹಜ. ಕಾಸರಗೋಡಿನಲ್ಲಿ ಕೃಷಿ ಸಂಶೋಧನೆಗೆ ಕಡಿಮೆ ಏನಿಲ್ಲ, ಮತ್ತೊಂದು ಫಾರ್ಮ್ ಯಾಕೆ? ಸಾವಯವ, ನೈಸರ್ಗಿಕ, ಸುಸ್ಥಿರ ಅಂತೆಲ್ಲ ಹೇಳ್ತಾರಲ್ಲ, ಅದೆಲ್ಲ ಒಂದೆಯಾ ಬೇರೆಯಾ? ಸರಕಾರಿ ದುಡ್ಡಲ್ಲಿ ಬೆಳೆದ ಅಲಸಂಡೆ ಪೇಟೆಗೆ ಬಂದ್ರೆ ಬಡಿಯಡ್ಕದ ರೈತನ ಅಲಸಂಡೆಯ ಗತಿ ಏನು? ಒಂದೊಂದಾಗಿ ನೋಡುವ.

ಮೂರು ಥರದ ಫಾರ್ಮಿಗೆ ಒಂದೇ ಹೆಸರು

ಮೊದಲ ಗೊಂದಲ ಹೆಸರಿನದ್ದು. ಫಾರ್ಮ್ ಅಂತ ಒಂದೇ ಶಬ್ದದಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳ್ತಾ ಇದ್ದೇವೆ.

ಒಂದು, ಸಂಶೋಧನಾ ಫಾರ್ಮ್. ಅಲ್ಲಿ ವಿಜ್ಞಾನಿಗೆ ಒಂದು ಪ್ರಶ್ನೆ ಇರ್ತದೆ, ಈ ತಳಿ ಹೆಚ್ಚು ಕಾಯಿ ಕೊಡ್ತದಾ ಆ ತಳಿಯಾ ಅಂತ, ಅದಕ್ಕೆ ಬೇಕಾದ ಹಾಗೆ ಪ್ಲಾಟ್ ಮಾಡಿ ಲೆಕ್ಕ ಹಿಡೀತಾರೆ. ಗೇಟು ಹಾಕಿರ್ತದೆ, ಹಾಕಿರಲೇಬೇಕು, ಯಾರೋ ಬಂದು ಎರಡು ಗೊನೆ ಕೊಯ್ದುಕೊಂಡು ಹೋದ್ರೆ ವರ್ಷದ ಲೆಕ್ಕವೇ ಹಾಳು. ಎರಡನೇದು ಪ್ರಾತ್ಯಕ್ಷಿಕೆ ಫಾರ್ಮ್. ಅಲ್ಲಿ ಪ್ರಶ್ನೆ ಮುಗಿದಿರ್ತದೆ, ಉತ್ತರ ತೋರಿಸೋದು ಮಾತ್ರ. ಮಿಷನ್‌ನ 2,000 ಫಾರ್ಮ್ ಈ ಜಾತಿಯದ್ದು.

ಮೂರನೇದು ಸಮುದಾಯ ಫಾರ್ಮ್, ಇದರಲ್ಲಿ ಊರವರು ನೋಡ್ಲಿಕ್ಕೆ ಬರುವವರಲ್ಲ. ಏನು ಬೆಳೀಬೇಕು, ಯಾವುದನ್ನು ಪರೀಕ್ಷೆ ಮಾಡಬೇಕು, ಬೆಳೆದದ್ದು ಯಾರಿಗೆ ಹೋಗಬೇಕು ಅನ್ನೋದನ್ನು ಅವರೂ ಕೂತು ತೀರ್ಮಾನ ಮಾಡ್ತಾರೆ. ಪ್ರಶ್ನೆ ಯಾರದ್ದು ಅನ್ನೋದರಲ್ಲೇ ವ್ಯತ್ಯಾಸ ಇರೋದು, ಈ ಲೇಖನದಲ್ಲಿ ಮುಂದೆ ಬರುವ ಜಾಗದ ತಕರಾರು, ಕೂಲಿಯ ತಕರಾರು, ಭಾಷೆಯ ತಕರಾರು ಎಲ್ಲ ಇದೇ ಒಂದು ಕಡೆಯಿಂದ ಹುಟ್ಟುವಂಥದ್ದು.

ಇನ್ನು ಸಾವಯವ ಮತ್ತು ನೈಸರ್ಗಿಕ. ಸಾವಯವದಲ್ಲಿ ರಾಸಾಯನಿಕ ಇಲ್ಲ, ಆದ್ರೆ ಹೊರಗಿಂದ ಗೊಬ್ಬರ ತರಬಹುದು, ಸರ್ಟಿಫಿಕೇಟ್ ಬೇಕಾದ್ರೆ ಪರಿವರ್ತನೆಯ ಅವಧಿ ಕಳೀಬೇಕು, ತರಕಾರಿ ಭತ್ತದಂಥ ಬೆಳೆಗೆ ಎರಡು ವರ್ಷ, ಅಡಿಕೆ ತೆಂಗಿನಂಥ ಬಹುವಾರ್ಷಿಕಕ್ಕೆ ಮೂರು. ನೈಸರ್ಗಿಕದವರು ಹೊರಗಿಂದ ತರುವುದನ್ನೇ ಬಿಡಿ ಅಂತಾರೆ, ಹಟ್ಟಿಯಲ್ಲಿರುವ ದನ, ಅದರ ಸೆಗಣಿ ಗಂಜಳ, ಬೆಲ್ಲ, ದ್ವಿದಳ ಹಿಟ್ಟು, ಒಂದು ಮುಷ್ಟಿ ಮಣ್ಣು ಹಾಕಿ ಮಾಡಿದ ಜೀವಾಮೃತ, ಮೇಲೆ ತರಗೆಲೆಯ ಮುಚ್ಚಿಗೆ, ಇಷ್ಟೇ. ಸುಸ್ಥಿರ ಅನ್ನೋದು ಇವೆರಡಕ್ಕಿಂತ ಅಗಲವಾದ ಮಾತು, ಮಣ್ಣು ನೀರು ಉಳಿಯುವುದರ ಜೊತೆಗೆ ಬೆಳೆಯುವವನ ಹೊಟ್ಟೆಪಾಡೂ ಉಳೀಬೇಕು ಅನ್ನೋದು ಅದರ ಒಳಗೆ ಬರ್ತದೆ.

ಇರೋದೇ ಸಾಕಲ್ವಾ ಅನ್ನುವವರ ಮಾತು

ಈ ಮಾತಿನಲ್ಲಿ ತೂಕ ಉಂಟು, ಸುಮ್ಮನೆ ತಳ್ಳಿ ಹಾಕುವ ಹಾಗಿಲ್ಲ. ಕೂಡ್ಲಿನಲ್ಲಿ ತೆಂಗು ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ, ಮದರಾಸು ಸರಕಾರದ ಕಾಲದಲ್ಲಿ. ಅದೇ 1970ರಲ್ಲಿ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯ್ತು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಅದರ ಅಡಿಯಲ್ಲೇ ಇರೋದು. ತೆಂಕಣ ಬದಿಗೆ ಪಿಲಿಕೋಡಿನಲ್ಲಿ ಕೇರಳ ಕೃಷಿ ವಿವಿಯ ಪ್ರಾದೇಶಿಕ ಸಂಶೋಧನಾ ಕೇಂದ್ರ, ಪಡನ್ನಕ್ಕಾಡಿನಲ್ಲಿ 1994ರಿಂದ ಕೃಷಿ ಕಾಲೇಜು, ಬೇಳದಲ್ಲಿ ಕಾಸರಗೋಡು ಗಿಡ್ಡ ದನಗಳ ಫಾರ್ಮ್. ಪಂಚಾಯತಿಗೊಂದು ಕೃಷಿ ಭವನ. ಒಂದು ಸಣ್ಣ ಜಿಲ್ಲೆಗೆ ಇಷ್ಟು ಇರುವಾಗ ಹೊಸದೊಂದಕ್ಕೆ ಬೋರ್ಡು ಹಾಕಿ ದುಡ್ಡು ಖರ್ಚು ಮಾಡೋದು ಯಾಕೆ?

ಉತ್ತರ ಕೊಡಬೇಕಾದ್ರೆ ಈ ಸಂಸ್ಥೆಗಳ ರಚನೆ ನೋಡಬೇಕು. ನಮ್ಮ ಕೃಷಿ ವಿವಿಗಳ ಮಾದರಿ ಬಂದದ್ದು ಅಮೆರಿಕದಿಂದ. ಅಲ್ಲಿ 1862ರ ಮೊರಿಲ್ ಕಾಯ್ದೆಯಲ್ಲಿ ಕಾಲೇಜು ನಡೆಸ್ಲಿಕ್ಕೆ ಜಮೀನು ಕೊಟ್ರು, 1914ರಲ್ಲಿ ಇನ್ನೊಂದು ಕಾಯ್ದೆ ತಂದು ಕಲಿತದ್ದನ್ನು ರೈತರಿಗೆ ಮುಟ್ಟಿಸುವ ವಿಸ್ತರಣೆ ವ್ಯವಸ್ಥೆ ಮಾಡಿದ್ರು. ಇಲ್ಲಿ 1960ರಲ್ಲಿ ಪಂತನಗರ, ಆಮೇಲೆ ಬೆಂಗಳೂರು, 1971ರ ಕಾಯ್ದೆಯಿಂದ ಕೇರಳ ಕೃಷಿ ವಿವಿ. ಪಾಠ, ಸಂಶೋಧನೆ, ವಿಸ್ತರಣೆ ಅಂತ ಮೂರು ಕಾಲು. ಆದ್ರೆ ಮೂರರಲ್ಲೂ ಜ್ಞಾನ ಹೋಗುವ ದಿಕ್ಕು ಒಂದೇ, ಲ್ಯಾಬಿನಿಂದ ತೋಟಕ್ಕೆ. ತೋಟದಿಂದ ಲ್ಯಾಬಿಗೆ ಬರುವ ದಾರಿ ಸಪೂರ.

ಆ ದಾರಿಯಲ್ಲಿ ಎಂತ ಉಂಟು ಅನ್ನೋದಕ್ಕೆ ದೂರ ಹೋಗೋದು ಬೇಡ. ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಬಂತು. ದೊಡ್ಡ ಗದ್ದೆ ಇಟ್ಟುಕೊಂಡು ಮಾಡಿದ್ದಲ್ಲ, ಕಾಗದದ ಲೋಟದಲ್ಲಿ, ಗ್ರೋ ಬ್ಯಾಗಿನಲ್ಲಿ ಪ್ರತಿ ತಳಿಯನ್ನೂ ಬೆಳೆಸಿ ಬೀಜ ಮಾಡಿಕೊಂಡು ಬಂದದ್ದು. ಗಡಿಯಾಚೆ ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರು ಗುಡ್ಡೆಗೆ ಸುರಂಗ ಕೊರೆದು ನೀರು ತಂದವರು, 2022ರ ಪದ್ಮಶ್ರೀ. ಇಬ್ಬರ ಕೆಲಸವೂ ನಿಜವಾದ ಸಂಶೋಧನೆ. ಆದ್ರೆ ಬೀಜ ಒಬ್ಬರ ಮನೆಯಲ್ಲಿ ಮಾತ್ರ ಇದ್ರೆ ಒಂದು ಮಳೆಗಾಲ ಎಡವಟ್ಟಾದ್ರೆ ಹೋಯ್ತು. ಯೂನಿವರ್ಸಿಟಿಯ ಗದ್ದೆಯಲ್ಲಿ ಅದರ ಎರಡನೇ ಸೆಟ್ಟು ಪ್ರತಿವರ್ಷ ಬೆಳೀತಾ ಇದ್ರೆ, ಬೆಳೆಸಿದವರ ಹೆಸರಲ್ಲೇ ದಾಖಲೆ ಇದ್ರೆ, 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತರ ತಳಿ ಅಂತ ನೋಂದಣಿ ಮಾಡ್ಲಿಕ್ಕೆ ಅರ್ಜಿ ಬರೆಯುವ ಕೆಲಸ ಮಕ್ಕಳು ಮಾಡಿಕೊಟ್ರೆ, ಅದು ಈಗಿರುವ ಕೆಲಸಕ್ಕೆ ಡೂಪ್ಲಿಕೇಟ್ ಅಂತ ಯಾರೂ ಹೇಳ್ಲಿಕ್ಕಿಲ್ಲ.

ಇನ್ನೊಂದು ವಿಷಯ. 2009ರಲ್ಲಿ ಶುರುವಾದ ಕೇಂದ್ರೀಯ ವಿವಿಯ ಪೆರಿಯ ಕ್ಯಾಂಪಸ್ಸು 310 ಎಕರೆ. ಅಲ್ಲಿ ಸಸ್ಯ ವಿಜ್ಞಾನ, ಪರಿಸರ ವಿಜ್ಞಾನ ಮಾತ್ರ ಅಲ್ಲ, ಅರ್ಥಶಾಸ್ತ್ರ, ಸೋಶಿಯಲ್ ವರ್ಕ್, ಸಾರ್ವಜನಿಕ ಆರೋಗ್ಯ ಎಲ್ಲ ಒಂದೇ ಕಡೆ ಉಂಟು. ಕೃಷಿ ಕಾಲೇಜಿಗೆ ಇಲ್ಲದ ಅನುಕೂಲ ಅದು. ತೋಟದ ಸಮಸ್ಯೆ ಗಿಡದ ಸಮಸ್ಯೆ ಮಾತ್ರ ಆಗಿರೋದಿಲ್ಲ, ಕೂಲಿ, ಸಾಲ, ರೇಟು, ಮದ್ದು ಬಿಡುವವನ ಆರೋಗ್ಯ ಎಲ್ಲ ಸೇರಿರ್ತದೆ.

ಇಲ್ಲಿ ನಂಬಿಕೆ ಅಷ್ಟು ಸುಲಭ ಅಲ್ಲ, ಯಾಕೆ

ಬೇರೆ ಜಿಲ್ಲೆಯಲ್ಲಾದ್ರೆ ವಿಜ್ಞಾನಿಗಳು ಬಂದು ಹೊಸ ಪದ್ಧತಿ ಹೇಳ್ತೇವೆ ಅಂದ್ರೆ ಜನ ಕೇಳಿ ಸುಮ್ಮನಾಗಬಹುದು. ಕಾಸರಗೋಡಿನಲ್ಲಿ ಹಾಗಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ರು. ಕೆಳಗೆ ಮನೆ ಇತ್ತು, ಬಾವಿ ಇತ್ತು, ಸುರಂಗ ಇತ್ತು, ದನ ಮೇಯ್ತಾ ಇತ್ತು. ಎಣ್ಮಕಜೆಯ ಪಡ್ರೆಯಿಂದ ಹಿಡಿದು ಬೆಳ್ಳೂರು, ಕುಂಬಡಾಜೆ, ಬಡಿಯಡ್ಕ, ಕಾರಡ್ಕ, ಮುಳಿಯಾರು, ಆ ಬದಿಗೆ ಪುಲ್ಲೂರು-ಪೆರಿಯ, ಪನತ್ತಡಿವರೆಗೆ ಅದರ ಪೆಟ್ಟು ಬಿತ್ತು. ಸುಪ್ರೀಂ ಕೋರ್ಟು 2011ರ ಮೇಯಲ್ಲಿ ದೇಶಾದ್ಯಂತ ತಡೆ ಹಾಕಿತು, 2017ರ ಜನವರಿಯಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳ ಒಳಗೆ ಕೊಡಿ ಅಂತ ಹೇಳಿತು.

ಸಮುದಾಯ ಫಾರ್ಮಿನ ಚರ್ಚೆಯಲ್ಲಿ ಇದನ್ನು ಯಾಕೆ ತರಬೇಕು ಅಂದ್ರೆ, ಆಗಲೂ ಇದು ಶಾಸ್ತ್ರೀಯ ಕೃಷಿ ಅಂತಲೇ ನಡೆದದ್ದು. ಗೇರಿಗೆ ಬರುವ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಮದ್ದು ಅಂತ ಮೇಲಿಂದ ತೀರ್ಮಾನ ಆಯ್ತು, ಕೆಳಗಿದ್ದವರನ್ನು ಯಾರೂ ಕೇಳಲಿಲ್ಲ. ಜೇನು ಸತ್ತದ್ದು, ಕರು ಊನವಾಗಿ ಹುಟ್ಟಿದ್ದು, ಮಕ್ಕಳಿಗೆ ಖಾಯಿಲೆ ಬಂದದ್ದು ಮೊದಲು ಗಮನಿಸಿದ್ದು ಊರಿನವರು ಮತ್ತು ಊರಿನ ಡಾಕ್ಟರು, ಅಧಿಕೃತ ಅಧ್ಯಯನ ಬಂದದ್ದು ಎಷ್ಟೋ ವರ್ಷ ಕಳೆದು. ಅಂದರೆ ಕೆಳಗಿನಿಂದ ಮೇಲಕ್ಕೆ ಪ್ರಶ್ನೆ ಹೋಗುವ ದಾರಿ ಇಲ್ಲದಿದ್ದರೆ ಎಂತ ಆಗ್ತದೆ ಅಂತ ಈ ಜಿಲ್ಲೆಗೆ ಮೈಯಲ್ಲೇ ಗೊತ್ತು. ಹತ್ತು ವರ್ಷಕ್ಕೂ ಮೊದಲೇ ಕಾಸರಗೋಡನ್ನು ಸಾವಯವ ಜಿಲ್ಲೆ ಅಂತ ಘೋಷಿಸಿದ್ದರ ಹಿಂದೆ ಇರೋದು ಇದೇ ನೋವು. ಹಾಗಾಗಿ ಇಲ್ಲಿ ಯಾವ ಯೂನಿವರ್ಸಿಟಿ ಫಾರ್ಮ್ ಮಾಡಿದ್ರೂ ಮೊದಲ ಕೆಲಸ ಬಿತ್ತನೆ ಆಗಬಾರದು, ಮಣ್ಣು ಮತ್ತು ನೀರಿನ ಪರೀಕ್ಷೆ ಆಗಬೇಕು, ಅದರ ರಿಪೋರ್ಟು ಪಂಚಾಯತಿಯ ಗೋಡೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರಬೇಕು.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡುವ: ಮೈಲುತುತ್ತು

ರೈತರ ಪ್ರಶ್ನೆ ಅಂತ ಬಾಯಲ್ಲಿ ಹೇಳೋದು ಸುಲಭ, ಒಂದನ್ನು ತೆಗೆದುಕೊಂಡೇ ನೋಡಬೇಕು. ಅಡಿಕೆ ಇರುವ ಮನೆಯಲ್ಲಿ ಮಳೆಗಾಲದ ದೊಡ್ಡ ಚಿಂತೆ ಕೊಳೆರೋಗ. ಅದಕ್ಕೆ ನೂರು ವರ್ಷದಿಂದ ಇರುವ ಮದ್ದು ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಿಗೆ, ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸೇರಿಸಿ ಕೋಲಿನಲ್ಲಿ ತಿರುಗಿಸ್ತಾ ಇರಬೇಕು. ಸರಿಯಾಯ್ತಾ ನೋಡ್ಲಿಕ್ಕೆ ಉಜ್ಜಿದ ಪೀಶಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೀತಾರೆ, ಅಲುಗಿನ ಮೇಲೆ ಕೆಂಪು ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಾಠ ಮಾಡುವ ವಿಷಯವನ್ನೇ ಅಂಗಳದಲ್ಲಿ ಕತ್ತಿ ಹಿಡಿದು ಮಾಡೋದು ಇದು.

ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿವಸ ಕಳೆದು ಇನ್ನೊಂದು, ಮಳೆ ಜೋರಿದ್ರೆ ಮೂರನೇದು. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಎರಡು ಗಂಟೆ ಬಿಸಿಲು ಸಿಗದೆ ಮದ್ದು ಬಿಡುವ ದಿನ ಮುಂದೆ ಹೋದರೆ ಬುಡದಲ್ಲಿ ನಳ್ಳಿ, ಅಂದರೆ ಎಳೆ ಅಡಿಕೆ, ಉದುರ್ಲಿಕ್ಕೆ ಶುರು. ಈಗ ನೈಸರ್ಗಿಕ ಕೃಷಿಯ ಮಾದರಿ ಫಾರ್ಮಿನವರು ಬಂದು ತಾಮ್ರ ಬೇಡ ಅಂತಾರೆ. ಅವರು ಹೇಳುವುದಕ್ಕೂ ಕಾರಣ ಉಂಟು, ತಾಮ್ರ ಮಣ್ಣಿನಲ್ಲಿ ಕೊಳೆಯುವ ವಸ್ತು ಅಲ್ಲ, ವರ್ಷ ವರ್ಷ ಬಿಟ್ಟದ್ದು ಅಲ್ಲೇ ಕೂತಿರ್ತದೆ, ಎರೆಹುಳಕ್ಕೂ ಸೂಕ್ಷ್ಮಜೀವಿಗಳಿಗೂ ತೊಂದರೆ. ಸಾವಯವದ ನಿಯಮದಲ್ಲಿ ತಾಮ್ರದ ಮದ್ದನ್ನು ಮಿತಿ ಹಾಕಿ ಸಿಂಪಡಿಸಬಹುದು, ನೈಸರ್ಗಿಕದಲ್ಲಿ ಸಿಂಪಡಿಸ್ಲಿಕ್ಕೇ ಇಲ್ಲ. ರೈತ ಕೇಳುವ ಪ್ರಶ್ನೆ ಒಂದೇ: ಮದ್ದು ಬಿಡದೆ ಕೊಳೆ ಬಂದ್ರೆ ವರ್ಷದ ಫಸಲು ಯಾರು ಕೊಡ್ತಾರೆ?

ಸಂಶೋಧನಾ ಫಾರ್ಮ್ ಈ ಪ್ರಶ್ನೆಗೆ ತನ್ನ ಜಾಗದಲ್ಲಿ ಉತ್ತರ ಹುಡುಕಬಹುದು, ಆದ್ರೆ ಬಯಲು ಜಾಗದ ಗಾಳಿಯಾಡುವ ತೋಟಕ್ಕೂ ಎರಡು ಗುಡ್ಡೆಯ ನಡುವಿನ ತಗ್ಗು ತೋಟಕ್ಕೂ ಕೊಳೆಯ ಅಂದಾಜು ಒಂದೇ ಅಲ್ಲ. ಪ್ರಾತ್ಯಕ್ಷಿಕೆ ಫಾರ್ಮಿಗೆ ಈ ಪ್ರಶ್ನೆ ಕೇಳುವ ಜಾಗವೇ ಇಲ್ಲ, ಅಲ್ಲಿ ಉತ್ತರ ಮೊದಲೇ ನಿರ್ಧಾರ ಆಗಿದೆ. ಸಮುದಾಯ ಫಾರ್ಮ್ ಮಾಡಬಹುದಾದ್ದು ಬೇರೆ ಥರ. ಕ್ಯಾಂಪಸ್ಸಿನ ಒಂದು ತುಂಡು, ಜೊತೆಗೆ ಒಪ್ಪಿದ ಹತ್ತು ಹನ್ನೆರಡು ತೋಟಗಳಲ್ಲಿ ಇಪ್ಪತ್ತಿಪ್ಪತ್ತು ಮರ. ಕೆಲವಕ್ಕೆ ಪೂರ್ತಿ ಬೋರ್ಡೋ, ಕೆಲವಕ್ಕೆ ಒಂದೇ ಸಲ ಬಿಟ್ಟು ಕಣಿ (ನೀರು ಹರಿಯುವ ಚರಂಡಿ) ಚೆನ್ನಾಗಿ ಬಿಡಿಸಿ ನೆರಳು ಸವರೋದು, ಕೆಲವಕ್ಕೆ ಗೊನೆಗೆ ಪ್ಲಾಸ್ಟಿಕ್ ಹೊದಿಕೆ, ಕೆಲವಕ್ಕೆ ಏನೂ ಇಲ್ಲ. ಮಕ್ಕಳು ವಾರ ವಾರ ಬಂದು ಬಿದ್ದ ನಳ್ಳಿ ಎಣಿಸ್ತಾರೆ, ಮಣ್ಣಿನ ತಾಮ್ರ ಅಳೀತಾರೆ, ಇಕನಾಮಿಕ್ಸಿನವರು ಖರ್ಚು ಬರೀತಾರೆ. ಮೂರು ಮಳೆಗಾಲ ಕಳೆದರೆ ಈ ಊರಿನದ್ದೇ ಆದ ಒಂದು ಲೆಕ್ಕ ಕೈಗೆ ಸಿಗ್ತದೆ.

ಆದ್ರೆ ಇದಕ್ಕೆ ಒಂದು ಷರತ್ತು ಬೇಕೇ ಬೇಕು. ಮದ್ದು ಬಿಡದ ಮರಗಳ ನಷ್ಟವನ್ನು ರೈತ ಹೊರಬಾರದು, ಯೂನಿವರ್ಸಿಟಿ ಅದಕ್ಕೆ ಮೊದಲೇ ಒಂದು ನಿಧಿ ತೆಗೆದಿಡಬೇಕು. ಇಷ್ಟು ದಿನ ಕೃಷಿಯಲ್ಲಿ ಪ್ರಯೋಗದ ರಿಸ್ಕು ರೈತನದ್ದು, ಪೇಪರ್ ಪ್ರಕಟಣೆ ಪ್ರೊಫೆಸರರದ್ದು ಅನ್ನುವ ಹಾಗೆ ಆಗಿದೆ, ಅದು ನ್ಯಾಯ ಅಲ್ಲ.

ಪತ್ತನಾಜೆಗೆ ಕ್ಯಾಂಪಸ್ಸಿನಲ್ಲಿ ಯಾರಿರ್ತಾರೆ?

ಯೂನಿವರ್ಸಿಟಿ ಫಾರ್ಮುಗಳು ಸೋಲುವ ಜಾಗ ಇದು. ದೊಡ್ಡ ತತ್ವದಲ್ಲಿ ಅಲ್ಲ, ಕ್ಯಾಲೆಂಡರಿನಲ್ಲಿ.

ನಮ್ಮ ಕಡೆ ಪತ್ತನಾಜೆ ಬರೋದು ಮೇ 24-25ರ ಹೊತ್ತಿಗೆ. ನೇಮ ಕೋಲ ಮುಗಿದು ಕೃಷಿ ಕೆಲಸಕ್ಕೆ ಇಳಿಯುವ ದಿನ. ಕಣಿ ಬಿಡಿಸೋದು, ಸೊಪ್ಪು ಗೊಬ್ಬರ ಹಾಕೋದು, ಏಣೇಲಿಗೆ (ಮಳೆಗಾಲದ ಭತ್ತದ ಬೆಳೆಗೆ) ಗದ್ದೆ ತಯಾರಿ, ಮೊದಲ ಬೋರ್ಡೋ ಎಲ್ಲ ಅದರ ಆಚೀಚೆ. ಅದಕ್ಕೂ ಮೊದಲು ಏಪ್ರಿಲ್ ಪೂರ್ತಿ ನೀರು ಹಾಕದಿದ್ದರೆ ಗಿಡ ಒಣಗ್ತದೆ. ಕಾಲೇಜಿನಲ್ಲಿ ಆಗ ರಜೆ. ಹೊಸ ಬ್ಯಾಚು ಬರೋದು ಜುಲೈಗೆ, ಅಷ್ಟೊತ್ತಿಗೆ ನೇಜಿ ನೆಟ್ಟು ಆಗಿರ್ತದೆ. ಸುಗ್ಗಿಯ ಕೊಯ್ಲಿನ ಹೊತ್ತಿಗೆ ಪರೀಕ್ಷೆ.

ಕ್ರೆಡಿಟ್ ಲೆಕ್ಕವನ್ನೂ ನೋಡಿ. ಯುಜಿಸಿ ಚೌಕಟ್ಟಿನಲ್ಲಿ ಪ್ರಾಕ್ಟಿಕಲ್‌ನ ಒಂದು ಕ್ರೆಡಿಟ್ ಅಂದ್ರೆ 30 ಗಂಟೆ. ಎರಡು ಕ್ರೆಡಿಟ್ಟಿಗೆ 60 ಗಂಟೆ, ದಿನಕ್ಕೆ ಆರು ಗಂಟೆಯಂತೆ ಹತ್ತು ದಿವಸ. ಭತ್ತಕ್ಕೆ ಬೇಕಾದ್ದು ಹತ್ತಿರ ಹತ್ತಿರ 120 ದಿವಸ. ಹತ್ತು ದಿವಸದಲ್ಲಿ ವಿದ್ಯಾರ್ಥಿ ನೋಡಬಹುದಾದ್ದು ಬೆಳೆಯ ಒಂದು ತುಂಡು ಮಾತ್ರ, ನೆಟ್ಟವನು ಕೊಯ್ಯೋದಿಲ್ಲ, ಕೊಯ್ದವನಿಗೆ ಕಳೆ ಕಿತ್ತ ಕಷ್ಟ ಗೊತ್ತಿಲ್ಲ. ಹಾಗಾಗಿ ಆ 60 ಗಂಟೆಯನ್ನು ಒಂದೇ ಸೆಮಿಸ್ಟರಿಗೆ ಕಟ್ಟಿ ಹಾಕದೆ ಎರಡು ಮೂರು ಸೆಮಿಸ್ಟರಿಗೆ ಹಂಚಬೇಕು, ರಜೆಯಲ್ಲಿ ನಿಲ್ಲುವ ಮಕ್ಕಳಿಗೆ ಸ್ಟೈಪೆಂಡ್ ಕೊಡಬೇಕು, ವರ್ಷಪೂರ್ತಿ ಇರುವ ಒಬ್ಬ ಇಬ್ಬರು ಅನುಭವಸ್ಥ ಕೃಷಿಕರನ್ನು ಸಂಬಳ ಕೊಟ್ಟು ಫಾರ್ಮಿನ ಜವಾಬ್ದಾರಿಯಲ್ಲಿ ಕೂರಿಸಬೇಕು, ಅವರ ಮಾತಿಗೆ ಪಾಠ ಮಾಡುವವರ ಮಾತಿನಷ್ಟೇ ಬೆಲೆ ಇರಬೇಕು.

ಕೂಲಿ, ರೇಟು, ಹಾಸ್ಟೆಲ್ ಮೆಸ್ಸು

ವಿದ್ಯಾರ್ಥಿಗಳ ತಕರಾರು ಒಂದುಂಟು: ಕ್ರೆಡಿಟ್ ಹೆಸರಲ್ಲಿ ಪುಕ್ಕಟೆ ಕೆಲಸ ಮಾಡಿಸ್ತಾರೆ ಅಂತ. ಆರ್‌ಬಿಐ ಅಂಕಿಯಲ್ಲಿ 2022-23ರಲ್ಲಿ ಕೇರಳದ ಕೃಷಿ ಕೂಲಿ ದಿನಕ್ಕೆ ಸರಾಸರಿ ಸುಮಾರು 764 ರೂಪಾಯಿ, ದೇಶದ ಸರಾಸರಿ ಸುಮಾರು 345. ಇಷ್ಟು ಕೂಲಿ ಇರುವ ಕಡೆ ಮಕ್ಕಳ ಕೈಯಲ್ಲಿ ಕಳೆ ಕೀಳಿಸಿ ಖರ್ಚು ಉಳಿಸುವ ಆಸೆ ಆಡಳಿತಕ್ಕೆ ಬರೋದು ಸಹಜ. ಕಲಿಯುವ ಕೆಲಸ ಯಾವುದು, ಬರೀ ದುಡಿತ ಯಾವುದು ಅನ್ನುವ ಗೆರೆಯನ್ನು ಮೊದಲೇ ಬರೆದಿಡಬೇಕು, ದುಡಿತದ ಭಾಗಕ್ಕೆ ಕುಟುಂಬಶ್ರೀಯ (ಕೇರಳದ ಹೆಂಗಸರ ಸ್ವಸಹಾಯ ಸಂಘಗಳ) ಕೃಷಿ ಗುಂಪುಗಳನ್ನು ಪಾಲುದಾರರಾಗಿ ತಂದ್ರೆ ಅವರಿಗೆ ಆದಾಯ, ಫಾರ್ಮಿಗೆ ಕೈ ಎರಡೂ ಆಗ್ತದೆ.

ಬೆಳೆದದ್ದು ಎಲ್ಲಿಗೆ ಹೋಗಬೇಕು? ಪೇಟೆಗೆ ಹೋದ್ರೆ ರೈತರ ಹೆದರಿಕೆ ನಿಜ ಆಗ್ತದೆ. ಯೂನಿವರ್ಸಿಟಿಗೆ ಜಾಗಕ್ಕೆ ಖರ್ಚಿಲ್ಲ, ಕೂಲಿ ಅನುದಾನದಲ್ಲಿ, ಅದು ಕಡಿಮೆ ರೇಟಿಗೆ ಮಾರಿದ್ರೆ ಪಕ್ಕದ ಬೆಳೆಗಾರನ ಮುಳ್ಳುಸೌತೆ ಅಂಗಡಿಯಲ್ಲೇ ಕೊಳೀತದೆ. ಇದಕ್ಕೆ ಬೇರೆ ದೇಶಗಳಲ್ಲಿ ಒಂದು ದಾರಿ ಮಾಡಿಕೊಂಡಿದ್ದಾರೆ. ಜಪಾನಿನಲ್ಲಿ 1970ರ ದಶಕದಲ್ಲಿ ಟೇಕೇ ಅಂತ, ಅಮೆರಿಕದಲ್ಲಿ 1986ರಿಂದ ಸಮುದಾಯ ಬೆಂಬಲಿತ ಕೃಷಿ ಅಂತ. ತಿನ್ನುವವರು ಸೀಸನ್ನಿನ ಮೊದಲೇ ದುಡ್ಡು ಕಟ್ತಾರೆ, ವಾರ ವಾರ ಫಸಲಿನ ಪಾಲು ತೆಗೆದುಕೊಳ್ತಾರೆ, ಬೆಳೆ ಚೆನ್ನಾಗಿ ಬಂದ್ರೆ ಚೀಲ ತುಂಬ, ಹಂದಿ ಮಂಗ ತಿಂದ್ರೆ ಅರ್ಧ ಚೀಲ. ನಷ್ಟ ಒಬ್ಬನ ತಲೆಗೆ ಬೀಳೋದಿಲ್ಲ.

ನಮ್ಮಲ್ಲಿ ಇದಕ್ಕೆ ಸುಲಭದ ಗಿರಾಕಿ ಹಾಸ್ಟೆಲ್ ಮೆಸ್ಸು. ಒಂದು ಅಂದಾಜಿಗೆ, 500 ಮಕ್ಕಳಿಗೆ ತಲಾ 200 ಗ್ರಾಂ ತರಕಾರಿ ಅಂದ್ರೆ ದಿನಕ್ಕೆ 100 ಕೆಜಿ, ವರ್ಷದಲ್ಲಿ 200 ದಿವಸ ಹಿಡಿದ್ರೆ 20 ಟನ್. ಎಕರೆಗೆ 4 ಟನ್ ಬಂತು ಅಂತಿಟ್ಟುಕೊಂಡ್ರೆ ಐದು ಎಕರೆ ಬೇಕು, ಅದೂ ಮಳೆಗಾಲದಲ್ಲಿ ಬೆಂಡೆ ಅಲಸಂಡೆ ಹರಿವೆ ಎಲ್ಲ ಕೊಳೆಯದೆ ಉಳಿದ್ರೆ. ಅಷ್ಟನ್ನೂ ಕ್ಯಾಂಪಸ್ಸಿನಲ್ಲೇ ಬೆಳೀಬೇಕು ಅಂತಿಲ್ಲ, ಕಾಲು ಭಾಗ ಫಾರ್ಮಿನಲ್ಲಿ, ಮುಕ್ಕಾಲು ಭಾಗ ಜೊತೆಗಿರುವ ರೈತರಲ್ಲಿ ಮೊದಲೇ ರೇಟು ಮಾತಾಡಿ ಬೆಳೆಸಿದ್ರೆ ಫಾರ್ಮು ರೈತನಿಗೆ ಎದುರಾಳಿ ಆಗೋದಿಲ್ಲ, ಗಿರಾಕಿ ತಂದುಕೊಡುವ ಜಾಗ ಆಗ್ತದೆ. ಇಲ್ಲಿ ಅಡ್ಡ ಬರೋದು ಟೆಂಡರು. ಕಡಿಮೆ ರೇಟು ಹಾಕಿದವನಿಗೆ ಮೆಸ್ಸಿನ ತರಕಾರಿ ಅಂತ ನಿಯಮ ಇರುವವರೆಗೆ ಮೈಸೂರು, ಹಾಸನ, ಕೊಯಮತ್ತೂರಿನ ಲಾರಿಯ ಎದುರು ಇಲ್ಲಿಯ ಸಣ್ಣ ಬೆಳೆಗಾರ ನಿಲ್ಲೋದಿಲ್ಲ. ಯಾವ ಯೂನಿವರ್ಸಿಟಿ ನಿಜವಾಗಿ ಸಮುದಾಯ ಫಾರ್ಮ್ ಮಾಡ್ತದೆ ಅಂತ ಗೊತ್ತಾಗಬೇಕಾದ್ರೆ ಉದ್ಘಾಟನೆಯ ಫೋಟೋ ನೋಡೋದು ಬೇಡ, ಮೆಸ್ಸಿನ ಖರೀದಿ ನಿಯಮ ಬದಲಾಯಿತಾ ಅಂತ ಕೇಳಿ.

ಜಾಗ ಎಷ್ಟು ವರ್ಷಕ್ಕೆ?

ಕೇರಳದಲ್ಲಿ ಇದು ಸ್ವಲ್ಪ ಸೂಕ್ಷ್ಮ. ಭೂಸುಧಾರಣೆ ಕಾನೂನು ಹೊಸ ಗೇಣಿಗೆ ಅವಕಾಶ ಕೊಡೋದಿಲ್ಲ, ಉಳುವವನಿಗೆ ಹೊಲ ಸಿಕ್ಕಿದ್ದೇ ಆ ಕಾನೂನಿನಿಂದ, ಅದರ ಉದ್ದೇಶ ದೊಡ್ಡದು. ಆದ್ರೆ ಅದರ ಇನ್ನೊಂದು ಪರಿಣಾಮ ಅಂದ್ರೆ, ಜಾಗ ಇಲ್ಲದ ಹೆಂಗಸರ ಗುಂಪು ಬೇರೆಯವರ ಪಡೀಲು (ಪಾಳು) ಗದ್ದೆಯಲ್ಲಿ ಬೆಳೆದ್ರೆ ಕಾಗದದಲ್ಲಿ ಏನೂ ಇರೋದಿಲ್ಲ, ಬಾಯಿಮಾತು ಮಾತ್ರ. ಮಣ್ಣು ಸುಧಾರಿಸಿದ ಮೇಲೆ ಮಾಲಕರು ವಾಪಸ್ ಕೇಳಿದ್ರೆ ಬಿಟ್ಟು ಬರಬೇಕು. ಯೂನಿವರ್ಸಿಟಿಯ ಜಾಗದಲ್ಲೂ ಅದೇ ಕತೆ ಆಗಬಾರದು. ಗೇಣಿ ಅಲ್ಲದೆ, ಇಷ್ಟು ವರ್ಷ ಬೆಳೆಯುವ ಅನುಮತಿ ಅಂತ ಒಂದು ಲಿಖಿತ ಒಪ್ಪಂದ ಬೇಕು.

ಯೂನಿವರ್ಸಿಟಿಯ ಕಡೆಯಿಂದಲೂ ಅಪಾಯ ಉಂಟು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿವಿಯ 24 ಹೆಕ್ಟೇರ್ ಫಾರ್ಮು ಒಂದು ಕಾಲಕ್ಕೆ ಮುಂದೆ ಮನೆ ಕಟ್ಟುವ ಜಾಗ ಅಂತ ಪ್ಲಾನಿನಲ್ಲಿ ಇತ್ತು. ವಿದ್ಯಾರ್ಥಿಗಳು, ಊರವರು ವರ್ಷಗಟ್ಟಲೆ ಹೋರಾಡಿ ಅದನ್ನು ಶೈಕ್ಷಣಿಕ ಹಸಿರು ಜಾಗ ಅಂತ ಬದಲಾಯಿಸಿಕೊಂಡ್ರು. ನಮ್ಮಲ್ಲಿ ಕೇಂದ್ರೀಯ ವಿವಿಯ ಕುಲಪತಿಗಳ ಅವಧಿ ಐದು ವರ್ಷ. ಒಂದು ಅಡಿಕೆ ಸಸಿ ನೆಟ್ರೆ ಹಿಂಗಾರ ಬರೋದಕ್ಕೂ ನಾಲ್ಕೈದು ವರ್ಷ ಬೇಕು. ಒಬ್ಬರು ನೆಟ್ಟದ್ದರ ಫಸಲು ನೋಡೋದು ಇನ್ನೊಬ್ಬರು, ಅವರಿಗೆ ಆಡಿಟೋರಿಯಂ ಬೇಕು ಅನ್ನಿಸಿದ್ರೆ ಜೆಸಿಬಿ ಬರೋದಕ್ಕೆ ಒಂದು ದಿನ ಸಾಕು. ಅದರಿಂದ ಜಾಗದ ತೀರ್ಮಾನ ಕುಲಪತಿಗಳ ಇಷ್ಟದ ಮೇಲೆ ನಿಲ್ಲಬಾರದು, ಮಾಸ್ಟರ್ ಪ್ಲಾನಿನಲ್ಲಿ ಗೆರೆ ಹಾಕಿ ಇಟ್ಟಿರಬೇಕು.

ಯಾವ ಜಾಗ ಅನ್ನೋದೂ ಮುಖ್ಯ. ಕ್ಯಾಂಪಸ್ಸುಗಳು ಹೆಚ್ಚಾಗಿ ಇರೋದು ಮುರಕಲ್ಲಿನ ಪಾರೆಯ ಮೇಲೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬಿದ್ರೂ, ಕೇರಳದ 44 ನದಿಗಳಲ್ಲಿ 12 ಇದೇ ಜಿಲ್ಲೆಯಲ್ಲಿ ಇದ್ರೂ, ಮಾರ್ಚಿಗೆ ಬಾವಿ ಪಾತಾಳಕ್ಕೆ ಹೋಗ್ತದೆ. ಅಂಥ ಕಡೆ ಮೊದಲ ಎರಡು ವರ್ಷ ಬೆಳೆಯ ಮಾತಿಗಿಂತ ನೀರಿನ ಮಾತೇ ಆಗಬೇಕು. ಮದಕ, ಇಂಗುಗುಂಡಿ, ತೋಡಿಗೆ ಕಟ್ಟ, ಇದನ್ನೆಲ್ಲ ಎಣ್ಮಕಜೆ, ಬೆಳ್ಳೂರಿನ ಜನ ಪುಸ್ತಕ ಇಲ್ಲದೆ ಮಾಡಿದವರು, ಅವರನ್ನೇ ಕರೆದು ಪಾಠ ಮಾಡಿಸಿದ್ರೆ ಆಯ್ತು.

ಯಾವ ಭಾಷೆಯಲ್ಲಿ ಕೇಳ್ತೀರಿ?

ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈ ಪ್ರಶ್ನೆ ಎಲ್ಲ ಯೋಜನೆಯ ಕೆಳಗೂ ಉಂಟು. ಮಂಜೇಶ್ವರ, ಕಾಸರಗೋಡು ತಾಲೂಕಿನ ಎಷ್ಟೋ ತೋಟಗಳಲ್ಲಿ ಮಾತು ಕನ್ನಡ, ತುಳು. ಟ್ರೇನಿಂಗ್ ಮಲಯಾಳದಲ್ಲಿ, ರಿಪೋರ್ಟ್ ಇಂಗ್ಲಿಷಿನಲ್ಲಿ. ಮಣ್ಣು ಪರೀಕ್ಷೆಯ ಕಾಗದ ಕೈಗೆ ಬಂತು ಅಂತಿಟ್ಟುಕೊಳ್ಳಿ, ಅದರಲ್ಲಿ ಪಿಎಚ್ 4.9 ಅಂತ ಇರ್ತದೆ, ಮುರಕಲ್ಲಿನ ಮಣ್ಣು ಹುಳಿ, ಅಷ್ಟು ಬರೋದು ಹೊಸತಲ್ಲ. ರೈತರಿಗೆ ಬೇಕಾದ್ದು ಆ ಸಂಖ್ಯೆ ಅಲ್ಲ, ಬುಡಕ್ಕೆ ಎಷ್ಟು ಸುಣ್ಣ, ಯಾವಾಗ, ಗೊಬ್ಬರ ಹಾಕುವ ಎಷ್ಟು ದಿನ ಮೊದಲು ಅನ್ನೋದು. ಅದು ಅರ್ಥ ಆಗುವ ಮಾತಲ್ಲಿ ಸಿಗದಿದ್ದರೆ ಕಾಗದ ಅಟ್ಟಕ್ಕೆ ಹೋಗ್ತದೆ.

ಭಾಷೆಯ ಮಾತು ಬಂದ ಕೂಡಲೇ ಇದು ರಾಜಕೀಯ ಅಂತ ಕೆಲವರು ಹೇಳ್ತಾರೆ. ಆದ್ರೆ ಈ ಸಂದರ್ಭದಲ್ಲಿ ಅದು ವಿಜ್ಞಾನದ ಮಾತೂ ಹೌದು. ರೈತ ತನ್ನ ಪ್ರಶ್ನೆಯನ್ನು ಬೇರೆಯವರ ಭಾಷೆಯಲ್ಲಿ ಕೇಳಬೇಕಾದಾಗ ಅರ್ಧ ವಿವರ ಬಿಟ್ಟು ಹೋಗ್ತದೆ. ಬೈಲು, ಮಜಲು, ಬೆಟ್ಟು ಅಂತ ಗದ್ದೆಯನ್ನು ಮೂರಾಗಿ ವಿಂಗಡಿಸುವ ಮಾತಿನಲ್ಲಿ ನೀರು ಎಷ್ಟು ದಿನ ನಿಲ್ತದೆ, ಎಷ್ಟು ಬೆಳೆ ತೆಗೀಬಹುದು ಅನ್ನುವ ಮಾಹಿತಿ ಪೂರ್ತಿ ಉಂಟು, ‘ವೆಟ್ ಲ್ಯಾಂಡ್’ ಅಂತ ಒಂದೇ ಶಬ್ದ ಬರೆದ್ರೆ ಅದು ಹೋಯ್ತು. ಕಾಸರಗೋಡು ಸರಕಾರಿ ಕಾಲೇಜಿನಂಥ ಕಡೆ ಕನ್ನಡ ಓದುವ ಮಕ್ಕಳಿದ್ದಾರೆ, ಅವರಿಗೂ ಈ ಫಾರ್ಮಿನಲ್ಲಿ ಕೆಲಸ ಉಂಟು: ತೋಟದ ಮಾತನ್ನು ದಾಖಲೆ ಮಾಡೋದು, ರಿಪೋರ್ಟನ್ನು ಮನೆಯ ಮಾತಿಗೆ ತರೋದು.

ಮುಂದೆ ಎಂತ ಆಗಬಹುದು

ಯೋಜನೆ ಬಂದ್ರೆ ಎರಡು ದಾರಿ ಕಾಣ್ತದೆ. ಒಂದು, ಮಿಷನ್‌ನ ಅನುದಾನ, ಕಾಲೇಜಿನ ಮೌಲ್ಯಮಾಪನದ ಅಂಕ, ಪರಿಸರ ದಿನಕ್ಕೆ ಸಸಿ ನೆಡೋದು, ಇದರ ಸುತ್ತ ಒಂದೆರಡು ಎಕರೆ ಮಾಡಿ, ಮೂರನೇ ವರ್ಷಕ್ಕೆ ಅನುದಾನ ಮುಗಿದಾಗ ಮುಳ್ಳು, ಕಮ್ಯುನಿಸ್ಟ್ ಅಂತ ಕರೆಯುವ ಕಳೆ ಗಿಡ ತುಂಬಿ ಹೋಗೋದು. ಇದಕ್ಕೆ ಯಾರ ಕೆಟ್ಟ ಮನಸ್ಸೂ ಬೇಕಾಗಿಲ್ಲ, ಊರವರಿಗೆ ಅದರಲ್ಲಿ ಪಾಲಿಲ್ಲದಿದ್ದರೆ ಕಾಯುವವರೂ ಇರೋದಿಲ್ಲ, ಅಷ್ಟೇ.

ಇನ್ನೊಂದು ದಾರಿ ನಿಧಾನ. ಮೊದಲ ವರ್ಷ ಬೆಳೆ ಕಡಿಮೆ, ಮಣ್ಣು ನೀರಿನ ಪರೀಕ್ಷೆ, ಪಂಚಾಯತಿಗಳಲ್ಲಿ ಕೂತು ಪ್ರಶ್ನೆಗಳ ಪಟ್ಟಿ ಮಾಡೋದು. ಆ ಪಟ್ಟಿಯಲ್ಲಿ ಕೊಳೆರೋಗ ಇರ್ತದೆ, ಹಳದಿ ಎಲೆ ರೋಗ ಇರ್ತದೆ, ಹಂದಿ ಇರ್ತದೆ, ಮರ ಹತ್ತುವವರು ಸಿಗೋದಿಲ್ಲ ಅನ್ನೋದು ಖಂಡಿತ ಇರ್ತದೆ, ಕಾರ್ಬನ್ ಫೈಬರ್ ದೋಟಿಯಲ್ಲಿ ಕೊಯ್ಯಲಿಕ್ಕೆ ಕಲಿಸುವ ಶಿಬಿರಗಳಿಗೆ ಯುವಕರು ಬಂದದ್ದನ್ನು ನೋಡಿದ್ರೆ ಆ ಬೇಡಿಕೆ ಎಷ್ಟು ಅಂತ ಗೊತ್ತಾಗ್ತದೆ. ಎರಡನೇ ವರ್ಷ ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಕೃಷಿಕರು, ಅದರಲ್ಲಿ ಹೆಂಗಸರು, ಸಭೆಯ ದಿನ ಅವರಿಗೆ ಒಂದು ದಿನದ ಕೂಲಿ. ಈ ಕೊನೆಯದ್ದನ್ನು ಯಾರೂ ಬರೆಯೋದಿಲ್ಲ, ಪ್ರೊಫೆಸರಿಗೆ ಸಭೆ ಅಂದ್ರೆ ಸಂಬಳದ ದಿನ, ಕೂಲಿ ಮಾಡುವ ಹೆಂಗಸಿಗೆ ಅದು ಕಳಕೊಂಡ ದಿನ, ಹಾಗಾಗಿ ಎರಡನೇ ಸಭೆಗೆ ಅವರು ಬರೋದಿಲ್ಲ, ಆಮೇಲೆ ಜನರಿಗೆ ಆಸಕ್ತಿ ಇಲ್ಲ ಅಂತ ಮಿನಿಟ್ಸಿನಲ್ಲಿ ಬರೀತಾರೆ.

ಸಭೆ ಯಾವಾಗ ಇಡಬೇಕು ಅನ್ನೋದನ್ನೂ ಅವರಲ್ಲೇ ಕೇಳಬೇಕು. ಬೆಳಿಗ್ಗೆ ಹತ್ತು ಗಂಟೆ ಅಂತ ಅವರು ಹೇಳ್ಲಿಕ್ಕಿಲ್ಲ. ಸಂಜೆ ದನ ಕರೆದು ಆದ ಮೇಲೆ, ಪತ್ತನಾಜೆಗೆ ಒಂದು ತಿಂಗಳು ಮೊದಲು, ಆ ವರ್ಷದ ಮೈಲುತುತ್ತು ಇನ್ನೂ ಅಂಗಡಿಯಿಂದ ತರದೆ ಇರುವಾಗ.